ದೂರವಾಣಿಗೆ ಆಜ್ಞೆ ಕೊಡುವವರು

(ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಕನ್ನಡ ಓದುಗರ ಸಣ್ಣ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಸಭೆಯಲ್ಲಿ ಕಾವ್ಯದ ಬಗ್ಗೆ, ಕಾದಂಬರಿಯ ಬಗ್ಗೆ ನನಗಿಂತ ಚೆನ್ನಾಗಿ ಮಾತನಾಡಬಲ್ಲವರು ಹಲವರಿದ್ದಾರೆ. ನನ್ನನ್ನು ಕರೆದವರು ಅದನ್ನು ಅರಿತೇ, 'ನೀವು ಮೂವತ್ತು ವರ್ಷ ಮಾಡಿದ ಕೆಲಸದ ಬಗ್ಗೆ ಹೇಳಿ, ಅದನ್ನು ಕನ್ನಡದಲ್ಲಿ ಯಾರೂ ಹೇಳಿದಂತಿಲ್ಲ' ಎಂದರು. ನನ್ನ ಕೆಲಸ ಬಹಳ ಸರಳ. ಕಪ್ಪು ಪರದೆಯ ಮೇಲೆ ಒಂದು ಸಾಲು ಆಜ್ಞೆ ಬರೆಯುವುದು, ಯಂತ್ರ ಏನನ್ನುತ್ತದೆ ಎಂದು ಕಾಯುವುದು. ಆ ಯಂತ್ರ ಟೆಲಿಫೋನ್ ಎಕ್ಸ್‌ಚೇಂಜು. ಆ ಸಾಲು ಸರಿಯಿದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ. ತಪ್ಪಿದ್ದರೆ ಒಂದು ಊರು ಮೂಕವಾಗುತ್ತದೆ.

ಇದನ್ನು ಹೇಳುವುದಕ್ಕೆ ಈ ಕೋಣೆಗಿಂತ ಸರಿಯಾದ ಜಾಗವಿಲ್ಲ. ನಾವು ಕುಳಿತಲ್ಲಿಂದ ಒಂದು ಗಂಟೆಯ ಕಾರಿನ ದಾರಿಯೊಳಗೆ ಇಪ್ಪತ್ತನೆಯ ಶತಮಾನದ ಟೆಲಿಫೋನಿನ ಮುಕ್ಕಾಲು ಚರಿತ್ರೆ ನಡೆದಿದೆ. ಉತ್ತರಕ್ಕೆ ಎಂಗಲ್‌ವುಡ್. 1951ರ ನವೆಂಬರ್ 10ರಂದು ಅಲ್ಲಿನ ಮೇಯರ್, ಆಪರೇಟರ್ ಸಹಾಯವಿಲ್ಲದೆ ತಾವೇ ಹತ್ತು ಅಂಕಿ ತಿರುಗಿಸಿ ಕ್ಯಾಲಿಫೋರ್ನಿಯದ ಅಲಮೀಡಾದ ಮೇಯರ್ ಜೊತೆ ಮಾತನಾಡಿದರು. ದೇಶದ ಒಂದು ತೀರದಿಂದ ಇನ್ನೊಂದು ತೀರಕ್ಕೆ ಗ್ರಾಹಕನೇ ಡಯಲ್ ಮಾಡಿದ ಮೊದಲ ಕರೆ ಅದು. ವಾಯವ್ಯಕ್ಕೆ ಸಕಸನ್ನ. ಕಂಪ್ಯೂಟರಿನ ಪ್ರೋಗ್ರಾಮಿನಿಂದ ನಡೆಯುವ ದೊಡ್ಡ ಎಕ್ಸ್‌ಚೇಂಜು ಮೊದಲು ಜನರ ಬಳಕೆಗೆ ಬಂದದ್ದು ಅಲ್ಲಿ, 1965ರ ಮೇ 30ರಂದು. ಹತ್ತಿರದಲ್ಲೇ ಮರೇ ಹಿಲ್‌ನ ಬೆಲ್ ಪ್ರಯೋಗಾಲಯ. ನಮ್ಮ ಮಕ್ಕಳು ಕಾಲೇಜಿನಲ್ಲಿ ಕಲಿಯುವ ಯೂನಿಕ್ಸ್ ಹುಟ್ಟಿದ್ದು ಅಲ್ಲಿ, 1969ರಲ್ಲಿ. ಬೆಡ್‌ಮಿನ್‌ಸ್ಟರ್, ಹೋಮ್‌ಡೆಲ್, ಪಿಸ್ಕಾಟವೇ ಎಂಬ ಹೆಸರುಗಳು ನಮಗೆ ಇಂದು ರಸ್ತೆಯ ಬೋರ್ಡುಗಳು, ಮನೆಯ ಬೆಲೆಗಳು. ಒಂದು ಕಾಲಕ್ಕೆ ಅವು ದೇಶದ ಮಾತು ಹಾದುಹೋಗುವ ದಾರಿಯನ್ನು ನಿರ್ಧರಿಸುವ ಜಾಗಗಳಾಗಿದ್ದವು.

ಆದರೆ ನಾನು ಆಜ್ಞೆಯ ಮೊದಲ ಸಾಲನ್ನು ಕೇಳಿದ್ದು ಇಲ್ಲಲ್ಲ. ಕಿತ್ತೂರಿಗೆ ಹತ್ತು ಮೈಲಿ ದೂರದ ನಮ್ಮ ಹಳ್ಳಿಯಿಂದ ಫೋನ್ ಮಾಡಬೇಕೆಂದರೆ ಅಂಚೆ ಕಚೇರಿಗೆ ಹೋಗಿ ಟ್ರಂಕ್ ಕಾಲ್ ಬುಕ್ ಮಾಡಬೇಕಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಮೂರು ದರ. ಬಡವರ ಸಾವಿನ ಸುದ್ದಿ ಆರ್ಡಿನರಿಯಲ್ಲಿ ಕಾಯುತ್ತಿತ್ತು, ವ್ಯಾಪಾರಿಯ ಹತ್ತಿಯ ದರ ಲೈಟ್ನಿಂಗ್‌ನಲ್ಲಿ ಹೋಗುತ್ತಿತ್ತು. 'ಬೆಳಗಾವಿ ಕೊಡ್ರಿ' ಎಂದು ಹೇಳಿದರೆ ಆ ಕಡೆಯಿಂದ ಹೆಣ್ಣುದನಿಯೊಂದು, 'ಸ್ವಲ್ಪ ತಡೀರಿ, ಲೈನ್ ಖಾಲಿ ಇಲ್ಲ' ಎನ್ನುತ್ತಿತ್ತು. ಅದೂ ಆಜ್ಞೆ ಮತ್ತು ಉತ್ತರವೇ. ವ್ಯತ್ಯಾಸವಿಷ್ಟೆ, ಆ ಯಂತ್ರಕ್ಕೆ ಮನಸ್ಸಿತ್ತು. ಅಳುವ ದನಿ ಕೇಳಿದರೆ ಆಕೆ ಆರ್ಡಿನರಿಯನ್ನೂ ಮುಂದಕ್ಕೆ ತಳ್ಳುತ್ತಿದ್ದಳು. ಜಾತಿ, ಸಂಬಂಧ, ಸಲಿಗೆ ನೋಡಿ ತಳ್ಳುತ್ತಿದ್ದದ್ದೂ ಉಂಟು. ಹಳೆಯದನ್ನೆಲ್ಲ ಬಂಗಾರವೆನ್ನುವ ಚಟ ನನಗಿಲ್ಲ.

1986ರ ಜುಲೈಯಲ್ಲಿ ಅದೇ ಕಿತ್ತೂರಿಗೆ ಸಿ-ಡಾಟ್ ಸಂಸ್ಥೆಯವರು 128 ಲೈನುಗಳ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜು ತಂದರು. 1984ರಲ್ಲಿ ಹುಟ್ಟಿದ ಆ ಸಂಸ್ಥೆಯ ಮೊದಲ ಗ್ರಾಮೀಣ ಎಕ್ಸ್‌ಚೇಂಜು ಅದು. ಹೊರದೇಶದ ಡಿಜಿಟಲ್ ಎಕ್ಸ್‌ಚೇಂಜುಗಳಿಗೆ ತಂಪು ಕೋಣೆ ಬೇಕು. ನಮ್ಮದು ಬೆಳಗಾವಿ ಜಿಲ್ಲೆಯ ಬಿಸಿಲಿಗೂ ಧೂಳಿಗೂ, ಹೋಗಿ ಬರುವ ಕರೆಂಟಿಗೂ ಹೊಂದಿಕೊಂಡು ಏರ್ ಕಂಡೀಷನರ್ ಇಲ್ಲದೆ ನಡೆಯಬೇಕೆಂದು ಬೆಂಗಳೂರಿನ ಮತ್ತು ದೆಹಲಿಯ ಯುವ ಇಂಜಿನಿಯರುಗಳು ಅದನ್ನು ರೂಪಿಸಿದ್ದರು. ಕಾಲೇಜು ವಿದ್ಯಾರ್ಥಿಯಾಗಿ ನಾನು ಅದನ್ನು ನೋಡಲು ಹೋಗಿದ್ದೆ. ಒಂದು ಬೀರುವಿನಷ್ಟು ಪೆಟ್ಟಿಗೆ. 'ಇದಕ್ಕೆ ಏನಾದರೂ ಹೇಳಬೇಕೆಂದರೆ ಹೇಗೆ ಹೇಳ್ತೀರಿ?' ಎಂದು ಕೇಳಿದೆ. ಅಲ್ಲಿದ್ದವರು ನಕ್ಕು, ಕೀಲಿಮಣೆ ತೋರಿಸಿದರು. ಆ ನಗೆಯೇ ನನ್ನನ್ನು ಇಲ್ಲಿಯವರೆಗೆ ತಂದಿತು ಎನ್ನಬಹುದು.

ಈಗ ಆ ಕೀಲಿಮಣೆಯ ವಿಷಯ. ಸಕಸನ್ನದ ಯಂತ್ರದಲ್ಲಿ ಚಂದಾದಾರರ ವಿವರವೆಲ್ಲ ಸಣ್ಣ ಸಣ್ಣ ಅಯಸ್ಕಾಂತಗಳಿದ್ದ ಅಲ್ಯೂಮಿನಿಯಂ ಹಾಳೆಗಳಲ್ಲಿ ಇರುತ್ತಿತ್ತು. ಹಾಳೆಯನ್ನು ಹೊರತೆಗೆದು ಬರೆಯಬೇಕು, ಪುನಃ ಸೇರಿಸಬೇಕು. ಆದರೆ ಜನ ದಿನವೂ ಮನೆ ಬದಲಿಸುತ್ತಾರೆ, ಹೊಸ ಫೋನ್ ಕೇಳುತ್ತಾರೆ, ಬಿಲ್ ಕಟ್ಟದೆ ಬಿಡುತ್ತಾರೆ. ಅದಕ್ಕಾಗಿ ತಾತ್ಕಾಲಿಕ ಸ್ಮೃತಿಯ ಒಂದು ಮೂಲೆಯನ್ನು ಮೀಸಲಿಟ್ಟು, ಟೆಲಿಟೈಪ್ ಯಂತ್ರದಿಂದ ಬರೆದ ಆಜ್ಞೆಗಳನ್ನು ಅಲ್ಲಿ ಇಡುತ್ತಿದ್ದರು. ಹಾಳೆ ಬರೆಯುವ ದಿನ ಬಂದಾಗ ಅವು ಹಾಳೆಗೆ ಸೇರುತ್ತಿದ್ದವು. ಅದರ ಹೆಸರು 'ರೀಸೆಂಟ್ ಚೇಂಜ್', ಅಂದರೆ ಇತ್ತೀಚಿನ ಬದಲಾವಣೆ. ಹಾಳೆಗಳು ಹೋಗಿ ದಶಕಗಳೇ ಕಳೆದರೂ ಆ ಕೆಲಸಕ್ಕೆ ಅದೇ ಹೆಸರು ಉಳಿಯಿತು. ನಾನು ಕಲಿಯುವಾಗ ಸೊನ್ನೆ ಒಂದರ ಡಿಸ್ಕ್ ಇತ್ತು, ಆದರೂ ಎಲ್ಲರೂ 'ಆರ್‌ಸಿ ಮಾಡಿದೆಯಾ?' ಎಂದೇ ಕೇಳುತ್ತಿದ್ದರು.

ಮರೇ ಹಿಲ್‌ನಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಯೂನಿಕ್ಸ್ ಬರೆದಾಗಲೂ ಅವರ ಮುಂದಿದ್ದದ್ದು ಟೆಲಿಟೈಪೇ. ಸೆಕೆಂಡಿಗೆ ಹತ್ತು ಅಕ್ಷರ ಟಪಟಪನೆ ಹೊಡೆಯುವ, ಬೆರಳು ನೋಯಿಸುವ ಯಂತ್ರ. ಆದ್ದರಿಂದ ಆಜ್ಞೆಗಳೆಲ್ಲ ಎರಡಕ್ಷರ, ಮೂರಕ್ಷರ. ಹುಡುಗರು ಅದನ್ನು ಬುದ್ಧಿವಂತಿಕೆಯ ಗುಟ್ಟು ಎಂದುಕೊಳ್ಳುತ್ತಾರೆ. ಅದು ಬೆರಳುನೋವಿನ ಪರಿಣಾಮ.

ಇನ್ನೊಂದು ಮಾತು. ಯೂನಿಕ್ಸ್ ಜಗತ್ತಿಗೆಲ್ಲ ಹರಡಿದ್ದು ಕಂಪನಿಯ ಔದಾರ್ಯದಿಂದಲ್ಲ. 1956ರ ಜನವರಿಯಲ್ಲಿ ನ್ಯೂವಾರ್ಕಿನ ಫೆಡರಲ್ ನ್ಯಾಯಾಲಯದಲ್ಲಿ ಸರ್ಕಾರದ ಏಕಸ್ವಾಮ್ಯ ವಿರೋಧಿ ಮೊಕದ್ದಮೆ ಒಪ್ಪಂದದಲ್ಲಿ ಮುಗಿಯಿತು. ಅದರ ಪ್ರಕಾರ ಎಟಿ ಅಂಡ್ ಟಿ ಟೆಲಿಫೋನ್ ಬಿಟ್ಟು ಬೇರೆ ವ್ಯಾಪಾರಕ್ಕೆ ಇಳಿಯುವಂತಿರಲಿಲ್ಲ, ತನ್ನ ಪೇಟೆಂಟುಗಳನ್ನು ಇತರರಿಗೂ ಬಿಟ್ಟುಕೊಡಬೇಕಿತ್ತು. ಮಾರುವಂತಿಲ್ಲದ ಸರಕನ್ನು ಅವರು ವಿಶ್ವವಿದ್ಯಾಲಯಗಳಿಗೆ ಅಲ್ಪ ಬೆಲೆಗೆ ಕೊಟ್ಟರು. ಕಾನೂನಿನ ಒಂದು ಕಡಿವಾಣ ಇಲ್ಲದಿದ್ದರೆ ನಾವು ನೀವು ಇಂದು ಉಣ್ಣುತ್ತಿರುವ ಅನ್ನದ ಅರ್ಧ ಬೇಯುತ್ತಿರಲಿಲ್ಲ. 'ಸರ್ಕಾರ ಮಧ್ಯೆ ಬಂದರೆ ತಂತ್ರಜ್ಞಾನ ಸಾಯುತ್ತದೆ' ಎಂದು ನಮ್ಮ ದೀಪಾವಳಿ ಪಾರ್ಟಿಗಳಲ್ಲಿ ಹೇಳುವ ಗೆಳೆಯರಿಗೆ ನಾನು ನ್ಯೂವಾರ್ಕಿನ ಆ ನ್ಯಾಯಾಲಯದ ದಾರಿ ತೋರಿಸುತ್ತೇನೆ.

1984ರ ಜನವರಿ 1ರಂದು ಆ ಮಹಾಕಂಪನಿ ಒಡೆಯಿತು. ಪ್ರಾದೇಶಿಕ ಕಂಪನಿಗಳು ಬೇರೆಯಾದವು, ಅವು ಯಾರಿಂದ ಬೇಕಾದರೂ ಯಂತ್ರ ಕೊಳ್ಳಬಹುದಾಯಿತು. ಒಂದೊಂದು ಯಂತ್ರಕ್ಕೆ ಒಂದೊಂದು ಭಾಷೆ. ಒಂದೇ ಕೋಣೆಯಲ್ಲಿ ನಾಲ್ಕು ತಯಾರಕರ ಪೆಟ್ಟಿಗೆಗಳು, ನಾಲ್ಕು ಬಗೆಯ ಆಜ್ಞೆಗಳು. ಆಗ ಪ್ರಾದೇಶಿಕ ಕಂಪನಿಗಳು ಸೇರಿ ಸಾಕುತ್ತಿದ್ದ, ಇದೇ ನ್ಯೂಜೆರ್ಸಿಯ ಬೆಲ್‌ಕೋರ್ ಸಂಸ್ಥೆ ಒಂದು ಸಾಮಾನ್ಯ ಭಾಷೆ ಮಾಡಿತು. ಅದರ ಹೆಸರು ಟಿಎಲ್-1. ಜಗತ್ತಿನ ಯಾವ ಕವಿಯೂ ಹೊಗಳದ ಭಾಷೆ. ಆದರೆ ಅದನ್ನು ಬಲ್ಲವನು ಒಂದು ಸೀರಿಯಲ್ ತಂತಿ, ಒಂದು ಲ್ಯಾಪ್‌ಟಾಪ್ ಹಿಡಿದು ಯಾವ ಎಕ್ಸ್‌ಚೇಂಜಿಗೆ ಹೋದರೂ ಉಪವಾಸ ಬೀಳುವುದಿಲ್ಲ.

ಅದರ ವ್ಯಾಕರಣವನ್ನು ಸ್ವಲ್ಪ ಕೇಳಿ. ಮೊದಲು ಕ್ರಿಯಾಪದ. 'ಆರ್‌ಟಿಆರ್‌ವಿ' ಎಂದರೆ ತಂದು ತೋರಿಸು. 'ಇಎನ್‌ಟಿ' ಎಂದರೆ ಸೇರಿಸು. 'ಡಿಎಲ್‌ಟಿ' ಎಂದರೆ ಅಳಿಸು. 'ಆರ್‌ಎಂವಿ' ಎಂದರೆ ಸೇವೆಯಿಂದ ತೆಗೆ, 'ಆರ್‌ಎಸ್‌ಟಿ' ಎಂದರೆ ಸೇವೆಗೆ ಮರಳಿಸು. ಕ್ರಿಯಾಪದದ ಹಿಂದೆ ಅಡ್ಡಗೆರೆ ಹಾಕಿ ಯಾವ ಬಗೆಯ ವಸ್ತು ಎಂದು ಹೇಳಬೇಕು. ಆಮೇಲೆ ಒಂದೊಂದು ಕೋಲನ್ ಹಾಕುತ್ತ ಯಾವ ಯಂತ್ರ, ಅದರೊಳಗೆ ಯಾವ ಕಪಾಟು, ಯಾವ ಕಾರ್ಡು, ಆಜ್ಞೆಯ ಗುರುತಿಗೊಂದು ಸಂಖ್ಯೆ. ಕೊನೆಗೆ ಅರ್ಧವಿರಾಮ. ಅರ್ಧವಿರಾಮ ಬೀಳುವವರೆಗೆ ಏನೂ ಆಗಿಲ್ಲ. ಬಿದ್ದ ಮೇಲೆ ಎಲ್ಲವೂ ಆಗಿಬಿಟ್ಟಿದೆ. ಯಂತ್ರದ ಉತ್ತರ ಮುಖ್ಯವಾಗಿ ಎರಡು ಬಗೆ. ಪೂರೈಸಿದೆ, ಇಲ್ಲವೇ ನಿರಾಕರಿಸಿದೆ. ನಿರಾಕರಿಸಿದರೆ ಕಾರಣಕ್ಕೆ ನಾಲ್ಕಕ್ಷರದ ಸಂಕೇತ ಕೊಡುತ್ತದೆ. ಇಷ್ಟಲ್ಲದೆ, ನಾವು ಕೇಳದಿದ್ದರೂ ಯಂತ್ರ ತಾನಾಗಿ ಕೂಗುವುದುಂಟು. ಆ ಕೂಗಿಗೆ ಗಂಭೀರ, ದೊಡ್ಡದು, ಸಣ್ಣದು ಎಂಬ ದರ್ಜೆಗಳಿವೆ. ಗ್ರಾಹಕರಿಗೆ ತೊಂದರೆ ಆಗುತ್ತಿದೆಯೇ ಇಲ್ಲವೇ ಎಂಬುದನ್ನೂ ಅದು ಹೇಳುತ್ತದೆ.

ಈ ಭಾಷೆಯಲ್ಲಿ ಕ್ರಿಯಾಪದ ಮೊದಲು ಬರುತ್ತದೆ ಎಂದೆನಷ್ಟೆ. ಕನ್ನಡದಲ್ಲಿ ಅದು ಕೊನೆಗೆ. 'ತೆಗೆ, ಆ ಕಾರ್ಡನ್ನು' ಎಂದು ನಾವು ಸಾಮಾನ್ಯವಾಗಿ ಹೇಳುವುದಿಲ್ಲ. 'ಎರಡನೆಯ ಕಪಾಟಿನ ಬಲಗಡೆಯ ಕಾರ್ಡನ್ನು ತೆಗೆ' ಎನ್ನುತ್ತೇವೆ. ಅಂದರೆ ಯಾವುದಕ್ಕೆ ಏನಾಗಲಿದೆ ಎಂಬುದರಲ್ಲಿ 'ಯಾವುದಕ್ಕೆ' ಎಂಬುದು ನಮ್ಮ ಬಾಯಿಂದ ಮೊದಲು ಹೊರಡಲೇಬೇಕು. ಇದು ನನಗೆ ವ್ಯಾಕರಣದ ಪುಸ್ತಕದಿಂದ ಹೊಳೆದದ್ದಲ್ಲ. ತಪ್ಪು ಮಾಡಿ ಹೊಳೆದದ್ದು. ಆ ತಪ್ಪನ್ನು ಹೇಳುವೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಯಂತ್ರ ಮಾರುವ ಒಂದು ಕಂಪನಿಯ ಪರವಾಗಿ ಎಚ್-1ಬಿ ವೀಸಾದ ಮೇಲೆ ದುಡಿಯುತ್ತಿದ್ದೆ. ರಾತ್ರಿ ಹನ್ನೊಂದಕ್ಕೆ ಯಾವುದಾದರೂ ಎಕ್ಸ್‌ಚೇಂಜಿಗೆ ಹೋಗಿ, ಊರು ಮಲಗಿರುವಾಗ ಕೆಲಸ ಮುಗಿಸಿ, ಬೆಳಕು ಹರಿಯುವ ಮೊದಲು ಹೊರಡುವುದು. ಹಡ್ಸನ್ ನದಿಯ ಆಚೆಯ ಒಂದು ಎಕ್ಸ್‌ಚೇಂಜಿನಲ್ಲಿ ರಾತ್ರಿ ಪಾಳಿಗೆ ಇರುತ್ತಿದ್ದವರು ಒಬ್ಬ ಹಿರಿಯ ಮಹಿಳೆ. ಅವರ ಹೆಸರು ಇಲ್ಲಿ ಬೇಡ. ಅರುವತ್ತರ ದಶಕದಲ್ಲಿ ಹದಿನೆಂಟನೆಯ ವಯಸ್ಸಿಗೆ ಕಾರ್ಡ್ ಬೋರ್ಡಿನ ಮುಂದೆ ಆಪರೇಟರ್ ಆಗಿ ಕುಳಿತವರು. ಶೌಚಾಲಯಕ್ಕೆ ಹೋಗಲು ಕೈ ಎತ್ತಿ ಅನುಮತಿ ಕೇಳಬೇಕಿದ್ದ ಕೆಲಸ ಅದು. ಯಂತ್ರದ ಕೋಣೆ ಆಗ ಗಂಡಸರದು. 1973ರ ಜನವರಿಯಲ್ಲಿ ಸಮಾನ ಉದ್ಯೋಗಾವಕಾಶ ಆಯೋಗವೂ ಕಾರ್ಮಿಕ ಇಲಾಖೆಯೂ ಎಟಿ ಅಂಡ್ ಟಿ ಜೊತೆ ಒಪ್ಪಂದಕ್ಕೆ ಬಂದವು. ಹೆಂಗಸರಿಗೂ ಕಪ್ಪು ಜನರಿಗೂ ಮುಚ್ಚಿದ್ದ ಕೆಲಸಗಳ ಬಾಗಿಲು ಅದರಿಂದ ತೆರೆಯಿತು. ಆ ಬಾಗಿಲಿನಿಂದ ಒಳಗೆ ಬಂದವರಲ್ಲಿ ಇವರೊಬ್ಬರು. 'ಮೊದಲ ವರ್ಷ ನನಗೆ ಯಾರೂ ಸ್ಕ್ರೂಡ್ರೈವರ್ ಕೊಡಲಿಲ್ಲ, ಮನೆಯಿಂದ ತಂದೆ' ಎನ್ನುತ್ತಿದ್ದರು.

ಅವರಿಗೊಂದು ಅಭ್ಯಾಸ. ಆಜ್ಞೆ ಬರೆದ ಮೇಲೆ ಅರ್ಧವಿರಾಮ ಒತ್ತುವ ಮೊದಲು ಇಡೀ ಸಾಲನ್ನು ಗಟ್ಟಿಯಾಗಿ ಓದುವುದು. ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ ಓದುತ್ತಿದ್ದರು. ನನಗೆ ಒಳಗೊಳಗೇ ನಗು.

ಆ ರಾತ್ರಿ ಕೆಟ್ಟ ಒಂದು ಕಾರ್ಡನ್ನು ಬದಲಿಸಬೇಕಿತ್ತು. ಇಂಥ ಯಂತ್ರಗಳಲ್ಲಿ ಮುಖ್ಯವಾದ ಪ್ರತಿಯೊಂದೂ ಜೋಡಿ. ಒಂದು ದುಡಿಯುತ್ತದೆ, ಇನ್ನೊಂದು ಕಾಯುತ್ತದೆ. ಸೊನ್ನೆ ಬದಿ, ಒಂದರ ಬದಿ. ಕೆಟ್ಟದ್ದು ಒಂದರ ಬದಿಯದು. ನಾನು ಬರೆದದ್ದು ಸೊನ್ನೆ. ಯಂತ್ರ ನಿರಾಕರಿಸಿತು. ಅದು ನನ್ನನ್ನು ಕಾಪಾಡುತ್ತಿತ್ತು. ನಾನು ಅದನ್ನು ಮೊಂಡುತನವೆಂದುಕೊಂಡೆ. ಹಿಂದಿನ ವಾರ ಬೇರೆ ಊರಿನಲ್ಲಿ ಹೀಗೇ ಸುಳ್ಳು ನಿರಾಕರಣೆ ಬಂದಿತ್ತು. ಸಾಲಿನ ಕೊನೆಗೆ 'ಏನೇ ಆಗಲಿ ಮಾಡು' ಎಂಬರ್ಥದ ಪದ ಸೇರಿಸಿ ಅರ್ಧವಿರಾಮ ಒತ್ತಿದೆ. ಯಂತ್ರ ಪೂರೈಸಿತು. ಕೆಟ್ಟ ಬದಿ ಕೆಟ್ಟೇ ಇತ್ತು, ಒಳ್ಳೆಯ ಬದಿಯನ್ನು ನಾನು ತೆಗೆದಿದ್ದೆ.

ಹನ್ನೊಂದು ನಿಮಿಷ. ಬೆಳಗಿನ ಜಾವ ಎರಡು ಮುಕ್ಕಾಲರ ಹೊತ್ತು. ಆ ಭಾಗದ ಮನೆಗಳಲ್ಲಿ ಫೋನ್ ಎತ್ತಿದರೆ ಡಯಲ್ ಟೋನ್ ಇಲ್ಲ. ಹನ್ನೊಂದು ನಿಮಿಷದಲ್ಲಿ ಯಾರು ಫೋನ್ ಎತ್ತಿದರು, ಯಾರ ಎದೆ ನೋಯುತ್ತಿತ್ತು, ಯಾವ ಮನೆಯಲ್ಲಿ ಹೊಗೆ ಕಂಡಿತ್ತು? ಎಲ್ಲರೂ ಮಲಗಿದ್ದಿರಬಹುದು. ಆದರೆ ಡಯಲ್ ಟೋನ್ ಕೊಡಲಾಗದ ಯಂತ್ರ ಬಾರದ ಕರೆಗಳನ್ನು ಎಣಿಸುವುದೂ ಇಲ್ಲ. ಇಪ್ಪತ್ತೈದು ವರ್ಷ ಕಳೆದರೂ ಆ ಲೆಕ್ಕ ನನ್ನಲ್ಲಿ ಖಾಲಿಯಾಗಿಯೇ ಇದೆ.

ಬೆಳಿಗ್ಗೆ ವರದಿ ಬರೆಯಬೇಕಾಯಿತು. ನನ್ನ ಕಂಪನಿಗೆ ಬೇಕಾಗಿದ್ದದ್ದು ಎರಡೇ ಪದ, 'ಮಾನವ ದೋಷ'. ಆ ಎರಡು ಪದದಿಂದ ಯಂತ್ರ ನಿರ್ದೋಷಿಯಾಗುತ್ತದೆ, ಕಂಪನಿ ನಿರ್ದೋಷಿಯಾಗುತ್ತದೆ, ಉಳಿಯುವ ಮಾನವ ನಾನೊಬ್ಬನೇ. ಆ ಕಾಲದಲ್ಲಿ ಎಚ್-1ಬಿಯವನ ಕೆಲಸ ಹೋದರೆ ಅವತ್ತಿನಿಂದಲೇ ಅವನ ವಾಸ ಅಕ್ರಮ. ಅರುವತ್ತು ದಿನಗಳ ಗಡುವು ನಿಯಮವಾಗಿ ಬಂದದ್ದು 2017ರಲ್ಲಿ. ಮನೆಯಲ್ಲಿ ಆರು ತಿಂಗಳ ಮಗು.

ಆಕೆ ತಮ್ಮ ನೋಟ್‌ಬುಕ್ ತೆಗೆದರು. ಯಂತ್ರ ತಾನೇ ದಾಖಲೆ ಇಡುತ್ತದೆ, ಆದರೂ ಆಕೆ ಶಾಯಿಯಲ್ಲಿ ಬೇರೆ ಬರೆಯುತ್ತಿದ್ದರು. ನಾನು ಏನು ಬರೆದೆ, ಯಾವ ನಿಮಿಷಕ್ಕೆ ಬರೆದೆ, ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ದಾಖಲಿಸಿದ್ದರು. ನನ್ನನ್ನು ಉಳಿಸಲು ಒಂದಕ್ಷರ ಸುಳ್ಳು ಸೇರಿಸಲಿಲ್ಲ. ಅದರ ಕೆಳಗೆ ಇನ್ನೂ ಮೂರು ಸಾಲು ಇತ್ತು. ಎರಡೂ ಬದಿಗಳ ಚೀಟಿ ಒಂದೇ ಬಣ್ಣದ್ದು. ಇಂಥ ಆಜ್ಞೆಗೆ ಇಬ್ಬರಿರಬೇಕೆಂಬ ನಿಯಮವನ್ನು ಮೂರು ತಿಂಗಳ ಹಿಂದೆ ಖರ್ಚಿನ ಕಾರಣ ಕೊಟ್ಟು ಕೈಬಿಡಲಾಗಿದೆ. ಆ ಹೊತ್ತಿಗೆ ತಮ್ಮನ್ನು ಬೇರೆ ಮಹಡಿಯ ಕೆಲಸಕ್ಕೆ ಕಳುಹಿಸಲಾಗಿತ್ತು. ಇದನ್ನು ವರದಿಯಿಂದ ತೆಗೆಯಿರಿ ಎಂದು ಮೇಲಿನವರು ಹೇಳಿದಾಗ ಆಕೆ ಒಪ್ಪಲಿಲ್ಲ. ಒಪ್ಪದೆ ಇರಲು ಆಕೆಗೆ ಸಾಧ್ಯವಾಯಿತು, ಏಕೆಂದರೆ ಅವರ ಹಿಂದೆ ಒಂದು ಸಂಘವಿತ್ತು. ನನ್ನ ಹಿಂದೆ ಏನೂ ಇರಲಿಲ್ಲ. ನನ್ನ ಕೆಲಸ ಉಳಿದದ್ದು ನಾನು ಸದಸ್ಯನೇ ಅಲ್ಲದ ಒಂದು ಸಂಘದಿಂದ.

ಆ ಸಂಘ ಸುಮ್ಮನೆ ಬಂದದ್ದಲ್ಲ. 1989ರಲ್ಲಿ ನ್ಯೂಯಾರ್ಕ್ ಮತ್ತು ನ್ಯೂ ಇಂಗ್ಲೆಂಡ್‌ನ ನೈನೆಕ್ಸ್ ಕಂಪನಿಯ ನೌಕರರು ಹದಿನೇಳು ವಾರ ಮುಷ್ಕರ ಹೂಡಿದ್ದರು. ವೈದ್ಯಕೀಯ ವೆಚ್ಚವನ್ನು ನೌಕರರ ತಲೆಗೆ ಹಾಕಬಾರದೆಂಬುದು ಮುಖ್ಯ ಬೇಡಿಕೆ. ಆಗಸ್ಟ್‌ನಲ್ಲಿ ವಲ್ಹಾಲ ಎಂಬಲ್ಲಿ ಪಿಕೆಟಿಂಗ್ ಮಾಡುತ್ತಿದ್ದ ಗೆರ್ರಿ ಹೋರ್ಗನ್ ಎಂಬ ಕಾರ್ಮಿಕ ಮುಂದಾಳು ಕಾರೊಂದು ಡಿಕ್ಕಿ ಹೊಡೆದು ಸತ್ತರು. ಇಂದಿಗೂ ಆ ಸಂಘದವರು ಗುರುವಾರ ಕೆಂಪು ಅಂಗಿ ತೊಡುವುದು ಅವರ ನೆನಪಿಗೆ. ನನ್ನ ಹಿರಿಯ ಸಹೋದ್ಯೋಗಿಯ ಗುರುವಾರದ ಕೆಂಪು ಸ್ವೆಟರ್ ಅನ್ನು ನಾನು ಎಷ್ಟೋ ದಿನ ಇಷ್ಟದ ಬಣ್ಣವೆಂದು ತಿಳಿದಿದ್ದೆ.

ಆ ರಾತ್ರಿಯ ನಂತರ ನಾನೂ ಗಟ್ಟಿಯಾಗಿ ಓದಲು ಕಲಿತೆ, ಆದರೆ ಕನ್ನಡದಲ್ಲಿ. ಪರದೆಯಲ್ಲಿ 'ತೆಗೆ' ಮೊದಲು ಇರಲಿ. ನನ್ನ ಬಾಯಲ್ಲಿ 'ಒಂದರ ಬದಿಯ, ಮೂರನೆಯ ಕಾರ್ಡನ್ನು' ಎಂಬುದು ಮುಗಿಯದೆ 'ತೆಗೆ' ಬರುವಂತಿಲ್ಲ. ಹಾಗೆ ಹೇಳುವಾಗ ನಾಲಗೆ ಎಡವಿ, ಕೈ ನಿಂತದ್ದು ಎಷ್ಟು ಸಲವೋ. ಕನ್ನಡದಿಂದ ಅನ್ನ ಹುಟ್ಟುತ್ತದೆಯೇ ಎಂದು ಕೇಳುವವರಿಗೆ ನನ್ನ ಬಳಿ ಇರುವ ಉತ್ತರ ಇಷ್ಟೇ.

ಒಬ್ಬನ ತಪ್ಪು ಹನ್ನೊಂದು ನಿಮಿಷ. ಸಾವಿರಾರು ಸಾಲುಗಳ ಪ್ರೋಗ್ರಾಮಿನಲ್ಲಿ ಕುಳಿತ ತಪ್ಪು ಒಂಬತ್ತು ಗಂಟೆ. 1990ರ ಜನವರಿ 15, ಸೋಮವಾರ, ಮಾರ್ಟಿನ್ ಲೂಥರ್ ಕಿಂಗ್ ದಿನ. ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ಬೆಡ್‌ಮಿನ್‌ಸ್ಟರ್‌ನ ನಿಯಂತ್ರಣ ಕೇಂದ್ರದ ಗೋಡೆಯ ತುಂಬ ಕೆಂಪು. ಮ್ಯಾನ್‌ಹಟನ್‌ನ ಒಂದು ಸ್ವಿಚ್ ಸಣ್ಣ ತೊಂದರೆಯಿಂದ ಕೆಲವು ಸೆಕೆಂಡು ನಿಂತು, 'ನನಗೆ ಕರೆ ಕಳುಹಿಸಬೇಡಿ' ಎಂದು ಉಳಿದವಕ್ಕೆ ಹೇಳಿ, ಮರಳಿ ಎದ್ದಿತು. ಎದ್ದ ಸುದ್ದಿ ಪಕ್ಕದ ಸ್ವಿಚ್ಚಿಗೆ ಮುಟ್ಟಿ ಅದು ತನ್ನ ಪಟ್ಟಿ ತಿದ್ದುತ್ತಿರುವಾಗಲೇ, ಕಣ್ಣೆವೆ ಇಕ್ಕುವುದರೊಳಗೆ ಎರಡನೆಯ ಸುದ್ದಿ ಬಂದರೆ ಅದರ ಲೆಕ್ಕ ಕೆಡುತ್ತಿತ್ತು. ಲೆಕ್ಕ ಕೆಟ್ಟದ್ದನ್ನು ಕಂಡು ಅದೂ ತಾನೇ ನಿಂತು ಏಳುತ್ತಿತ್ತು. ಎದ್ದ ಸುದ್ದಿಯನ್ನು ತನ್ನ ಪಕ್ಕದವಕ್ಕೆ ಹೇಳುತ್ತಿತ್ತು. ಹೀಗೆ ದೇಶದ 114 ಸ್ವಿಚ್ಚುಗಳು ಒಂದನ್ನೊಂದು ಬೀಳಿಸುತ್ತ ಎಬ್ಬಿಸುತ್ತ ಹೋದವು. ಆ ಕಂಪನಿಯ ದೂರದ ಕರೆಗಳಲ್ಲಿ ಸುಮಾರು ಅರ್ಧ ಮುಟ್ಟಲಿಲ್ಲ. ಕಾರಣ, ಡಿಸೆಂಬರಿನಲ್ಲಿ ಎಲ್ಲ ಸ್ವಿಚ್ಚುಗಳಿಗೂ ತುಂಬಿದ್ದ ಹೊಸ ಪ್ರೋಗ್ರಾಮಿನಲ್ಲಿ ತಪ್ಪು ಜಾಗದಲ್ಲಿ ಬಿದ್ದ 'ಬ್ರೇಕ್' ಎಂಬ ಒಂದು ಪದ. ಸಿ ಭಾಷೆಯಲ್ಲಿ ಬರೆದದ್ದು; ಆ ಭಾಷೆಯೂ ಮರೇ ಹಿಲ್‌ನದೇ. ಯಾರೋ ದ್ರೋಹಿ ಮಾಡಿದ್ದಲ್ಲ, ಎಲ್ಲ ಸ್ವಿಚ್ಚಿನಲ್ಲೂ ಒಂದೇ ಪ್ರತಿ ಇದ್ದುದರಿಂದ ಒಂದೇ ರೋಗ ಎಲ್ಲಕ್ಕೂ ಬಂತು. ಕೊನೆಗೆ ಇಂಜಿನಿಯರುಗಳು ಸುದ್ದಿಯ ಓಡಾಟದ ಒತ್ತಡವನ್ನು ಕಡಿಮೆ ಮಾಡಿ, ರಾತ್ರಿ ಹನ್ನೊಂದೂವರೆಗೆ ಹತೋಟಿಗೆ ತಂದರು.

ಮರುವರ್ಷ ಸೆಪ್ಟೆಂಬರ್ 17ರದು ಇನ್ನೂ ಪಾಠದ ಕಥೆ. ಕೆಳ ಮ್ಯಾನ್‌ಹಟನ್‌ನ ಅದೇ ಕಂಪನಿಯ ಎಕ್ಸ್‌ಚೇಂಜು, ಸೆಕೆಯ ದಿನ ವಿದ್ಯುತ್ ಕಂಪನಿಯ ಹೊರೆ ಇಳಿಸಲು ತನ್ನ ಜನರೇಟರಿಗೆ ಬದಲಾಯಿತು. ಬದಲಾವಣೆ ಸರಿಯಾಗದೆ ಯಂತ್ರಗಳು ಬ್ಯಾಟರಿಯ ಮೇಲೆ ನಡೆಯತೊಡಗಿದವು. ಎಚ್ಚರಿಕೆಯನ್ನು ಗಮನಿಸುವವರು ಅಲ್ಲಿರಲಿಲ್ಲ. ಹೊಸ ಎಚ್ಚರಿಕೆ ವ್ಯವಸ್ಥೆಯ ತರಬೇತಿಗೆಂದೇ ಅವರನ್ನು ಬೇರೆ ಕಡೆ ಕಳುಹಿಸಲಾಗಿತ್ತು! ಗಂಟೆಗಳ ನಂತರ ಬ್ಯಾಟರಿ ಬತ್ತಿತು. ನ್ಯೂಯಾರ್ಕಿನ ದೂರದ ಕರೆಗಳಷ್ಟೇ ಅಲ್ಲ, ವಿಮಾನ ನಿಯಂತ್ರಕರ ಸಂಪರ್ಕವೂ ಹೋಗಿ ಕೆನಡಿ, ಲಗ್ವಾರ್ಡಿಯ, ನ್ಯೂವಾರ್ಕ್ ವಿಮಾನಗಳು ಸ್ಥಗಿತಗೊಂಡವು. ಯಂತ್ರ ಕೂಗುತ್ತಲೇ ಇತ್ತು. ಕೂಗು ಕೇಳಲು ಸಂಬಳ ಕೊಟ್ಟು ಒಬ್ಬ ಮನುಷ್ಯನನ್ನು ಕೂರಿಸಬೇಕು, ಅಷ್ಟೆ.

ಆಕೆಯ ಶಾಯಿಯ ನೋಟ್‌ಬುಕ್ಕಿಗೆ ಮರಳುತ್ತೇನೆ. ಅದು ಹಳೆಯ ಕಾಲದವರ ಗೀಳು ಎಂದೇ ನಾನು ಬಗೆದಿದ್ದೆ. ಆಮೇಲೆ ಗ್ರೀಸಿನ ಸುದ್ದಿ ಓದಿದೆ. 2004ರಿಂದ 2005ರವರೆಗೆ ಅಥೆನ್ಸ್‌ನ ಮೊಬೈಲ್ ಕಂಪನಿಯೊಂದರ ಎರಿಕ್ಸನ್ ಸ್ವಿಚ್ಚುಗಳೊಳಗೆ ಯಾರೋ ಗುಪ್ತ ಪ್ರೋಗ್ರಾಮ್ ತೂರಿಸಿದ್ದರು. ಪ್ರಧಾನಿ ಕೋಸ್ತಾಸ್ ಕರಮನ್ಲಿಸ್ ಸೇರಿ ನೂರಕ್ಕೂ ಹೆಚ್ಚು ಜನರ ಫೋನುಗಳನ್ನು ಕದ್ದು ಕೇಳಲಾಯಿತು. ಕಾನೂನಿನ ಅನುಮತಿಯಿಂದ ಕೇಳಲೆಂದು ಸ್ವಿಚ್ಚಿನೊಳಗೇ ಇಟ್ಟಿದ್ದ ಸೌಲಭ್ಯವನ್ನೇ ಕಳ್ಳರು ಬಳಸಿದ್ದರು. ಆಜ್ಞೆಯ ಸಾಲಿನ ವಿದ್ಯಾರ್ಥಿಯಾದ ನನ್ನ ಮೈ ಜುಮ್ಮೆಂದದ್ದು ಇನ್ನೊಂದು ವಿವರಕ್ಕೆ. ಸಾಧಾರಣ ಆಜ್ಞೆಯೊಂದರ ಕೊನೆಗೆ ಆರು ಖಾಲಿ ಜಾಗ ಬಿಟ್ಟು ಬರೆದರೆ ಯಂತ್ರ ತನ್ನ ದಾಖಲೆ ಬರೆಯುವುದನ್ನು ನಿಲ್ಲಿಸುತ್ತಿತ್ತು. ಆರು ಖಾಲಿ ಜಾಗ! ಪರದೆಯಲ್ಲಿ ಅದು ಕಾಣುವುದೂ ಇಲ್ಲ. ನಡೆಯುತ್ತಿರುವ ಪ್ರೋಗ್ರಾಮುಗಳನ್ನು ತೋರಿಸು ಎಂದರೆ ಯಂತ್ರ ಕಳ್ಳನೊಬ್ಬನನ್ನು ಬಿಟ್ಟು ಉಳಿದವರ ಹೆಸರನ್ನು ಹೇಳುತ್ತಿತ್ತು. ಆ ಕಂಪನಿಯ ಜಾಲ ಯೋಜನೆಯ ಇಂಜಿನಿಯರ್ ಕೋಸ್ತಾಸ್ ತ್ಸಲಿಕಿಡಿಸ್ 2005ರ ಮಾರ್ಚ್ 9ರಂದು ಮನೆಯಲ್ಲಿ ಶವವಾಗಿ ಸಿಕ್ಕರು.

ಕದ್ದು ಕೇಳುವುದು ಕರ್ನಾಟಕದವರಾದ ನಮಗೆ ಹೊಸ ಮಾತಲ್ಲ. 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಪದವಿ ಬಿಟ್ಟದ್ದು ಟೆಲಿಫೋನ್ ಕದ್ದಾಲಿಕೆಯ ಆರೋಪದ ಮೇಲೆ. ಆ ಕಾಲದ ಹಳೆಯ ಎಕ್ಸ್‌ಚೇಂಜುಗಳಲ್ಲಿ ಕದ್ದು ಕೇಳಲು ಒಬ್ಬ ಮನುಷ್ಯ ಹೋಗಿ ತಂತಿಗೆ ತಂತಿ ಸಿಕ್ಕಿಸಬೇಕಿತ್ತು; ಅವನನ್ನು ನೋಡಿದ ಇನ್ನೊಬ್ಬ ಇರುತ್ತಿದ್ದ. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಪಿಯುಸಿಎಲ್ ತಂದ ಮೊಕದ್ದಮೆಯಲ್ಲಿ, 1885ರ ಟೆಲಿಗ್ರಾಫ್ ಕಾಯ್ದೆಯಡಿ ಕೇಳುವುದಕ್ಕೂ ಯಾರ ಅಪ್ಪಣೆ ಬೇಕು, ಎಷ್ಟು ದಿನ, ಯಾರು ಮರುಪರಿಶೀಲಿಸಬೇಕು ಎಂದು ಕಟ್ಟುಪಾಡು ಹಾಕಿತು. ಇಲ್ಲಿ 1994ರ ಕಾನೂನು ಪ್ರತಿ ಸ್ವಿಚ್ಚಿನಲ್ಲೂ ಕೇಳುವ ಕಿಂಡಿ ಇರಲೇಬೇಕೆಂದಿತು. ಅಂಥ ಕಿಂಡಿಗಳ ವ್ಯವಸ್ಥೆಯೊಳಗೇ ಹೊರದೇಶದ ಹ್ಯಾಕರುಗಳು ನುಗ್ಗಿದ್ದಾರೆಂದು 2024ರಲ್ಲಿ ಪತ್ರಿಕೆಗಳು ವರದಿ ಮಾಡಿದಾಗ ನಮ್ಮ ಕಸುಬಿನವರು ಯಾರೂ ಬೆಚ್ಚಲಿಲ್ಲ. ಒಳ್ಳೆಯವರಿಗೆಂದು ಕೊರೆದ ಕಿಂಡಿಗೆ ಒಳ್ಳೆಯವರು ಯಾರೆಂದು ತಿಳಿಯುವುದಿಲ್ಲ, ಪಾಸ್‌ವರ್ಡ್ ತಿಳಿದರೆ ಸಾಕು.

ಇನ್ನು ಹೆಚ್ಚು ಹೇಳುವುದಿಲ್ಲ. 2001ರಲ್ಲಿ ನಮ್ಮ ಕಸುಬು ಕುಸಿಯಿತು. ಲಕ್ಷವನ್ನು ಮೀರಿದ್ದ ಲೂಸೆಂಟ್ ಕಂಪನಿಯ ನೌಕರರ ಸಂಖ್ಯೆ ಕೆಲವೇ ವರ್ಷಗಳಲ್ಲಿ ನಲವತ್ತು ಸಾವಿರಕ್ಕಿಂತ ಕೆಳಗಿಳಿಯಿತು. ಎಡಿಸನ್, ಪಿಸ್ಕಾಟವೇಗಳ ಎಷ್ಟು ಕನ್ನಡದ ಮನೆಗಳಲ್ಲಿ ಆ ವರ್ಷ ಪೆಟ್ಟಿಗೆ ಕಟ್ಟಿದರೆಂಬುದು ಇಲ್ಲಿ ಕುಳಿತ ಕೆಲವರಿಗೆ ನೆನಪಿರುತ್ತದೆ. ಹೋಮ್‌ಡೆಲ್‌ನ ಕನ್ನಡಿಯ ಕಟ್ಟಡದಲ್ಲಿ ಈಗ ಕಾಫಿ ಅಂಗಡಿಗಳಿವೆ. 2012ರ ಸ್ಯಾಂಡಿ ಚಂಡಮಾರುತದ ನಂತರ, ನ್ಯೂಯಾರ್ಕಿನ ಫೈರ್ ಐಲ್ಯಾಂಡಿನಲ್ಲೂ ನಮ್ಮ ಮ್ಯಾಂಟೊಲೋಕಿಂಗ್‌ನಲ್ಲೂ ಹಾಳಾದ ತಾಮ್ರದ ತಂತಿಯನ್ನು ರಿಪೇರಿ ಮಾಡದೆ ನಿಸ್ತಂತು ಪೆಟ್ಟಿಗೆ ಕೊಡುತ್ತೇವೆ ಎಂದಿತು ವೆರೈಜನ್. ಹೃದಯರೋಗಿಗಳ ಎಚ್ಚರಿಕೆಯ ಯಂತ್ರ ಅದರಲ್ಲಿ ನಡೆಯುವುದಿಲ್ಲ ಎಂದು ಜನ ಬಾಯಿ ಮಾಡಿದರು. 2013ರಲ್ಲಿ ಫೈರ್ ಐಲ್ಯಾಂಡಿಗೆ ಫೈಬರ್ ತಂತಿ ಹಾಕಲು ಕಂಪನಿ ಒಪ್ಪಿದ್ದು ಹಾಗೆ ಬಾಯಿ ಮಾಡಿದ್ದರಿಂದ.

ಕೆಲವು ವರ್ಷಗಳ ಹಿಂದೆ ಹಡ್ಸನ್ ಆಚೆಯ ಆ ಎಕ್ಸ್‌ಚೇಂಜಿನ ಹಳೆಯ ಸ್ವಿಚ್ಚನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಲೈನುಗಳೆಲ್ಲ ಬೇರೆಡೆಗೆ ಹೋಗಿದ್ದವು, ಕೊನೆಯ ಕೆಲವು ಉಳಿದಿದ್ದವು. ನಿವೃತ್ತರಾಗಿದ್ದ ಆಕೆಗೆ ಫೋನ್ ಮಾಡಿ ಬರುವಿರಾ ಎಂದೆ. ಎಪ್ಪತ್ತು ದಾಟಿದ ಆಕೆ ಮಧ್ಯರಾತ್ರಿ ಮಗನ ಕಾರಿನಲ್ಲಿ ಬಂದು, ಹಳೆಯ ಕುರ್ಚಿಯನ್ನು ಹುಡುಕಿ ಎಳೆದುಕೊಂಡು ಕುಳಿತರು. ನಾನು ಕೊನೆಯ ಸಾಲು ಬರೆದೆ. ಆಕೆ ಅದನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿದರು, ನಾನು ಕನ್ನಡದಲ್ಲಿ ಓದಿದೆ. ಅರ್ಧವಿರಾಮ ಒತ್ತಿದೆ. ಪೂರೈಸಿದೆ ಎಂದಿತು ಯಂತ್ರ. ಒಂದು ಕ್ಷಣ ಬಿಟ್ಟು ದೊಡ್ಡ ಗಂಟೆ ಹೊಡೆಯತೊಡಗಿತು. ಒಬ್ಬ ಚಂದಾದಾರನೂ ಇಲ್ಲದಿರುವುದು ಅದರ ಲೆಕ್ಕದಲ್ಲಿ ಗಂಭೀರ ದೋಷ. ಆಕೆ ಎದ್ದು ಗೋಡೆಯ ಗುಂಡಿ ಒತ್ತಿ ಗಂಟೆಯನ್ನು ನಿಲ್ಲಿಸಿ, 'ವೇಳೆ ಎಷ್ಟು, ಬರೆದುಕೊಂಡೆಯಾ?' ಎಂದರು. ಮೂರು ಗಂಟೆ ಹನ್ನೆರಡು ನಿಮಿಷ. ಬರೆದುಕೊಂಡೆ.